ತಾತನ ಗ್ಯಾರೇಜು: ಕದಲದ ಮುಳ್ಳು

ನನ್ನ ಬಲಗೈ ಮೇಲೆ ಒಂದು ಸುಟ್ಟ ಕಲೆಯಿದೆ. ಮೊಮ್ಮಗಳು ಅದನ್ನು ‘ಶ್ರೀಲಂಕಾ’ ಎನ್ನುತ್ತಾಳೆ. ಅದು ಬಂದದ್ದು ಚಾರ್ಮಾಡಿ ಘಾಟಿಯಲ್ಲಿ, ಅವಳಪ್ಪ ಆರು ತಿಂಗಳ ಕೂಸಾಗಿದ್ದಾಗ.

ಏರುದಾರಿಯಲ್ಲಿ ಕಾರು ಕಾದು ನಿಂತಿತು. ಡ್ಯಾಶ್‌ಬೋರ್ಡಿನ ಹೀಟ್ ಮೀಟರಿನ ಮುಳ್ಳು ಮಾತ್ರ ಕೆಳಗೇ ತಣ್ಣಗೆ ಕೂತಿತ್ತು. ಒಂದು ವರ್ಷದಿಂದ ಅಲ್ಲೇ ಇತ್ತು. ನನ್ನ ಕಾರು ಬಿಸಿಯೇ ಆಗುವುದಿಲ್ಲ ಎಂದು ನಾನು ಬೀಗುತ್ತಿದ್ದೆ! ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕುಕ್ಕರಿನಂತೆ ಒಳಗೆ ಒತ್ತಡವಿದ್ದುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿತ್ತು. ಮುಚ್ಚಳ ಸಡಿಲವಾದದ್ದೇ ತಡ, ಉಕ್ಕಿ ಚಿಮ್ಮಿತು. ಕೂಸನ್ನೆತ್ತಿಕೊಂಡು ನಿಮ್ಮಜ್ಜಿ ಎರಡೇ ಹೆಜ್ಜೆ ಹಿಂದೆ ನಿಂತಿದ್ದಳು. ಮುಂದಿನದು ಬೇಡ.

ಈಗ ಬೆಂಗಳೂರಿನಲ್ಲಿ ನಮ್ಮ ಬಳಿ ಇರುವುದೂ ಹಳೆಯ ಕಾರೇ. ಅದರ ಮುಳ್ಳೂ ಮೊನ್ನೆ ಮಲಗಿತು. ಬೇಸಿಗೆ ರಜೆ, ಮೊಮ್ಮಗಳಿಗೂ ಕೆಲಸವಿರಲಿಲ್ಲ. ಹೊಸ ಮೀಟರು, ಅದಕ್ಕೆ ಜೋಡಿಯಾದ ಸೆನ್ಸರು ತಂದೆವು. ಒಂದು ಕಂಪನಿಯ ಮೀಟರಿಗೆ ಇನ್ನೊಂದರ ಸೆನ್ಸರು ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ.

“ಈ ಮುಳ್ಳನ್ನು ಹೇಗೆ ನಂಬೋದು ತಾತ?” ಎಂದಳು. ಸರಿಯಾದ ಪ್ರಶ್ನೆ. ಅಂಗಳದಲ್ಲಿ ಕರೆಂಟ್ ಒಲೆಯ ಮೇಲೆ ನೀರಿಟ್ಟೆವು (ಅಜ್ಜಿಯ ಹಾಲಿನ ಪಾತ್ರೆ, ಅದರ ವಿಚಾರಣೆ ಇನ್ನೂ ನಡೆದಿದೆ). ಸೆನ್ಸರಿನ ಮೂತಿ ಮಾತ್ರ ನೀರಿನಲ್ಲಿ. ಯುಪಿಎಸ್‌ನ ಪುಟ್ಟ 12 ವೋಲ್ಟ್ ಬ್ಯಾಟರಿಯನ್ನು ದೂರದಲ್ಲಿಟ್ಟು ಮೀಟರಿಗೆ ಕೊಟ್ಟೆವು. ಸೆನ್ಸರಿನ ಒಳಗಿನ ಚೂರು ಬಿಸಿಯಾದಷ್ಟೂ ಕರೆಂಟಿಗೆ ಹೆಚ್ಚು ದಾರಿ ಬಿಡುತ್ತದೆ, ಮುಳ್ಳು ಏರುತ್ತದೆ. 60, 80, 90... ನೀರು ಕೊತಕೊತ ಕುದಿಯಿತು. ಮುಳ್ಳು 100ಕ್ಕಿಂತ ಸ್ವಲ್ಪ ಕೆಳಗೇ ನಿಂತುಬಿಟ್ಟಿತು.

“ಮೀಟರು ಕೆಟ್ಟಿದೆ!”

ಇಲ್ಲ ಪುಟ್ಟಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ಕಡಲ ದಡದಲ್ಲಾದರೆ 100. ಮುಳ್ಳು ನಿಜವನ್ನೇ ಹೇಳಿತ್ತು.

ಇನ್ನು ಕೂರಿಸುವ ಕೆಲಸ. ಮೀಟರಿನ ಅಗಲ 52 ಮಿಲಿಮೀಟರು. ಅವಳು ಕಂಪಾಸಿನಲ್ಲಿ 26ರ ತ್ರಿಜ್ಯ ಹಿಡಿದು ಹಲಸಿನ ಹಲಗೆಯ ಮೇಲೆ ವೃತ್ತ ಬರೆದಳು, ನಾನು ಕೊರೆದೆ, ಅವಳೇ ಉಜ್ಜಿ ಎಣ್ಣೆ ಹಚ್ಚಿದಳು. ಎಂಜಿನ್ ಪೂರಾ ತಣ್ಣಗಾದ ಮೇಲೆ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಸೆನ್ಸರು ಹಾಕಿದೆವು. ತಗಡಿನ ತೂತಿನಲ್ಲಿ ತಂತಿ ಉಜ್ಜದ ಹಾಗೆ ರಬ್ಬರಿನ ಬಳೆ, ದಾರಿಯಲ್ಲೊಂದು ಫ್ಯೂಸ್. ಮಕ್ಕಳೇ, ಬಾನೆಟ್ಟಿನ ಕೆಲಸಕ್ಕೆ ದೊಡ್ಡವರು ಜೊತೆಗಿರಲೇಬೇಕು. ದೊಡ್ಡವರೇ, ಬಿಸಿ ಎಂಜಿನ್ನಿನ ಮುಚ್ಚಳ ಮುಟ್ಟಲೇಬೇಡಿ, ನನ್ನ ಶ್ರೀಲಂಕಾ ನೆನಪಿರಲಿ.

ಹೋದ ವಾರ ಧರ್ಮಸ್ಥಳದಿಂದ ಹಿಂದಿರುಗುವಾಗ ಅದೇ ಚಾರ್ಮಾಡಿ ಏರು. ಹಲಗೆಯತ್ತಲೇ ಕಣ್ಣಿಟ್ಟಿದ್ದವಳು, “ತಾತ, ಮುಳ್ಳು ಏಳ್ತಿದೆ, ನಿಲ್ಸು!” ಎಂದಳು. ಅಗಲವಾದ ಕಡೆ ನಿಲ್ಲಿಸಿದೆ. ಎಂಜಿನ್ ಆರಿಸಿ ಕೀಲಿ ತಿರುಗಿಸಿ ನೋಡಿದರೆ ಮುಳ್ಳು ಇನ್ನಷ್ಟು ಏರಿತ್ತು. ನೀರಿನ ಓಟ ನಿಂತಾಗ ಹಾಗಾಗುತ್ತದೆ, ಗಾಬರಿಯಿಲ್ಲ. ಮುಚ್ಚಳ ಮುಟ್ಟಲಿಲ್ಲ. ಅಜ್ಜಿ ಚಕ್ಕುಲಿ ಡಬ್ಬಿ ತೆಗೆದಳು. ಡಬ್ಬಿ ಅರ್ಧವಾಗುವ ಹೊತ್ತಿಗೆ ಮುಳ್ಳು ಇಳಿಯತೊಡಗಿತ್ತು.