ಮುಕ್ತ ತಂತ್ರಾಂಶ: ಕಟ್ಟಿದವರು ಕೆಲವರು, ಕಾಯುವವರು ಯಾರು?

ಅಂತರಜಾಲದ ಪುಟದಲ್ಲಿ ಕನ್ನಡದ ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದು, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವೇ ಪರದೆಯ ಮೇಲೆ ಮೂಡುವುದು, ಹುಡುಕಿದ ಪದ ಸಿಗುವುದು ಇಂದು ಸಹಜವೆನಿಸಿಬಿಟ್ಟಿದೆ. ಈ ಅನುಕೂಲದ ಬಹುಪಾಲು ನಿಂತಿರುವುದು ಮುಕ್ತ ತಂತ್ರಾಂಶದ ಮೇಲೆ. ಅಂದರೆ, ತನ್ನ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಪರವಾನಗಿಯಡಿ ಬಿಡುಗಡೆಯಾದ ತಂತ್ರಾಂಶದ ಮೇಲೆ. ಇದನ್ನು ಬರೆದವರು, ಬರೆದ ಮೇಲೆ ವರ್ಷಾನುಗಟ್ಟಲೆ ದೋಷ ತಿದ್ದುತ್ತ ಬಂದವರು ಎಷ್ಟು ಮಂದಿ, ಅವರ ದುಡಿಮೆಗೆ ಆಧಾರವೇನು, ಅವರು ಕೈಬಿಟ್ಟರೆ ಮುಂದೇನು ಎಂಬ ಪ್ರಶ್ನೆಗಳು ಮಾತ್ರ ಕನ್ನಡದ ಭಾಷಾನೀತಿಯ ಚರ್ಚೆಯಲ್ಲಿ ಅಪರೂಪ. ಹೈದರಾಬಾದಿನ ಸುಲ್ತಾನ್ ಬಜಾರಿನ ಗ್ರಂಥಾಲಯವೊಂದರ ಚರಿತ್ರೆ ಈ ಪ್ರಶ್ನೆಗಳನ್ನು ಬಿಡಿಸಲು ನೆರವಾಗುತ್ತದೆ.

ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯಂ ಎಂಬ ಈ ಗ್ರಂಥಾಲಯ ಸ್ಥಾಪನೆಯಾದದ್ದು 1901ರಲ್ಲಿ. ಆಗ ನಿಜಾಮರ ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚಿನವರು ತೆಲುಗು, ಮರಾಠಿ, ಕನ್ನಡ ಆಡುವವರಾಗಿದ್ದರೂ ಆಡಳಿತದ ಭಾಷೆ ಉರ್ದುವಾಗಿತ್ತು. ಪ್ರಜೆಗಳ ಭಾಷೆಯಲ್ಲಿ ಪುಸ್ತಕ, ಪತ್ರಿಕೆ ಒದಗಿಸುವ ಹೊಣೆಯನ್ನು ಪ್ರಜೆಗಳೇ ಹೊರಬೇಕಿತ್ತು. ಕೊಮರ್ರಾಜು ವೆಂಕಟ ಲಕ್ಷ್ಮಣರಾವ್, ಮುನಗಾಲದ ಜಮೀನ್ದಾರ ನಾಯನಿ ವೆಂಕಟ ರಂಗಾರಾವ್, ರಾವಿಚೆಟ್ಟು ರಂಗಾರಾವ್ ಮೊದಲಾದವರು ಸೇರಿ ಕಟ್ಟಿದ ಈ ಸಂಸ್ಥೆಗೆ, ಕನ್ನಡ ಮತ್ತು ತೆಲುಗು ನಾಡುಗಳೆರಡನ್ನೂ ಆಳಿದ ಅರಸನ ಹೆಸರಿಟ್ಟರು. ಲಕ್ಷ್ಮಣರಾವ್ 1923ರಲ್ಲಿ ತೀರಿಕೊಂಡರು, ಸಂಸ್ಥಾನವೇ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು, ಗ್ರಂಥಾಲಯ ಉಳಿದುಕೊಂಡಿತು. ಕೆಲವರ ಉತ್ಸಾಹವಾಗಿ ಹುಟ್ಟಿದ್ದು ಸದಸ್ಯರು, ಆಡಳಿತ ಸಮಿತಿ, ಸ್ವಂತ ಕಟ್ಟಡಗಳುಳ್ಳ ಸಂಸ್ಥೆಯಾಗಿ ಬೆಳೆದದ್ದೇ ಇದಕ್ಕೆ ಮುಖ್ಯ ಕಾರಣ. ಅದೇ ನಗರದ ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಲಯಗಳೂ ವ್ಯಕ್ತಿಗಳ ಶ್ರಮ ಸಂಸ್ಥೆಯ ರೂಪ ಪಡೆದದ್ದಕ್ಕೆ ಸಾಕ್ಷಿ.

ಅಂತರಜಾಲದ ಕನ್ನಡವನ್ನು ಕಟ್ಟಿದವರ ಕಥೆಯೂ ಕೆಲವರ ಉತ್ಸಾಹದಿಂದಲೇ ಶುರುವಾಗುತ್ತದೆ. ಯೂನಿಕೋಡ್ ಸಂಕೇತಗಳ ಸಾಲನ್ನು ಗುಣಿತ, ಒತ್ತುಗಳ ಸರಿಯಾದ ರೂಪಕ್ಕೆ ಜೋಡಿಸುವ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲೆಲ್ಲ ಇದೆ. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವುದು ‘ಮೀಡಿಯಾವಿಕಿ’ಯ ಮೇಲೆ, ಇದರ ಮೊದಲ ರೂಪವನ್ನು ಜರ್ಮನಿಯ ಮ್ಯಾಗ್ನಸ್ ಮಾನ್‌ಸ್ಕೆ ಬರೆದರೆ, 2002ರಲ್ಲಿ ಅಮೆರಿಕದ ಲೀ ಡೇನಿಯಲ್ ಕ್ರಾಕರ್ ಅದನ್ನು ಹೊಸದಾಗಿ ಬರೆದರು. ಇಂಥ ತಂತ್ರಾಂಶಗಳ ಗುಂಡಿ, ಸೂಚನೆ, ಸಂದೇಶಗಳನ್ನು ನೂರಾರು ಭಾಷೆಗಳಿಗೆ ತರುವ ‘ಟ್ರಾನ್ಸ್‌ಲೇಟ್‌ವಿಕಿ’ ವೇದಿಕೆಯನ್ನು ಹುಟ್ಟುಹಾಕಿದವರು ಫಿನ್‌ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್. ವಿಕಿಪೀಡಿಯದ ಪುಟದಲ್ಲೇ ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯದ ಹಿಂದೆ ಕೇರಳದ ಜುನೈದ್ ಪಿ.ವಿ., ಸಂತೋಷ್ ತೋಟ್ಟಿಂಗಲ್ ಅವರ ದುಡಿಮೆಯಿದೆ. ಅಲ್ಲಿನ ಕನ್ನಡದ ಆಯ್ಕೆಗಳಲ್ಲೊಂದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದೆ.

ಕನ್ನಡದೊಳಗೂ ಇಂಥದೇ ದುಡಿಮೆ ನಡೆದಿದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಕರ್ನಾಟಕ ಸರ್ಕಾರ ಹಂಚಿದ ‘ನುಡಿ’ ತಂತ್ರಾಂಶದ ಹಳೆಯ ಸಂಕೇತ ಪದ್ಧತಿಯಲ್ಲಿ ಕಚೇರಿಗಳೂ ಮುದ್ರಣಾಲಯಗಳೂ ವರ್ಷಗಳ ಕಾಲ ಬೆರಳಚ್ಚು ಮಾಡಿಟ್ಟ ಪಠ್ಯ, ಯೂನಿಕೋಡ್ ಬಂದ ಮೇಲೆ ಹುಡುಕಲಾಗದ, ಜಾಲಕ್ಕೇರಿಸಲಾಗದ ಪಠ್ಯವಾಗಿ ಉಳಿಯಿತು. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಮುಕ್ತ ಪರವಾನಗಿಯಡಿ ಕೊಟ್ಟವರಲ್ಲಿ, ‘ನವಿಲು’ ಮತ್ತು ‘ಗುಬ್ಬಿ’ ಎಂಬ ಮುಕ್ತ ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಒಬ್ಬರು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ, ಓ.ಎಲ್. ನಾಗಭೂಷಣ ಸ್ವಾಮಿ ಹಾಗೂ ವಸುಧೇಂದ್ರರ ಮಾರ್ಗದರ್ಶನದಲ್ಲಿ ‘ವಚನ ಸಂಚಯ’ವನ್ನು ಕಟ್ಟಿ, 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದ ಎಲ್ಲಿ ಬಂದಿದೆಯೆಂದು ಹುಡುಕುವುದನ್ನು ಸಾಧ್ಯವಾಗಿಸಿತು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಸಂಕಲಿಸಿದ, ಒಂದೂವರೆ ಲಕ್ಷದಷ್ಟು ನಮೂದುಗಳುಳ್ಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂದಿತು. ಅದನ್ನು ಜಾಲದಲ್ಲಿ ನಡೆಸುವ ತಂತ್ರಾಂಶವೂ ಮುಕ್ತವಾದದ್ದೇ.

ಇದೇ ಸಂಚಯ ತಂಡದ ಮತ್ತೊಂದು ಕೆಲಸ ನೇರವಾಗಿ ಹೈದರಾಬಾದಿಗೆ ಸಂಬಂಧಿಸಿದ್ದು. ಸುಲ್ತಾನ್ ಬಜಾರಿಗೆ ಹೊಂದಿಕೊಂಡ ಹಳೆಯ ಬ್ರಿಟಿಷ್ ರೆಸಿಡೆನ್ಸಿಯಲ್ಲಿ ದಶಕಗಳ ಕಾಲ ಮಹಿಳಾ ಕಾಲೇಜು ನಡೆಸಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ತನ್ನ ಗ್ರಂಥಾಲಯದ ಹಳೆಯ ಕನ್ನಡ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಜಾಲಕ್ಕೇರಿಸಿತ್ತು. ಆದರೆ ಶೀರ್ಷಿಕೆ, ಲೇಖಕರ ಹೆಸರುಗಳು ರೋಮನ್ ಲಿಪಿಯಲ್ಲಿದ್ದುದರಿಂದ, ಕನ್ನಡದಲ್ಲಿ ಹುಡುಕುವವರಿಗೆ ಆ ಪುಸ್ತಕಗಳು ಇದ್ದೂ ಇಲ್ಲದಂತಿದ್ದವು. ಸಾರ್ವಜನಿಕರ ಕೈಯಿಂದ ಆ ವಿವರಗಳನ್ನು ಕನ್ನಡಕ್ಕೆ ತರಿಸಿ, ಹುಡುಕಬಲ್ಲ ‘ಪುಸ್ತಕ ಸಂಚಯ’ವಾಗಿ ಜೋಡಿಸಿದ್ದು ಸ್ವಯಂಸೇವಕರು. ಪುಸ್ತಕ ಸಂಗ್ರಹಿಸಿ ಸ್ಕ್ಯಾನ್ ಮಾಡಲು ವಿಶ್ವವಿದ್ಯಾಲಯಕ್ಕೆ ಸಾಧ್ಯವಾಯಿತು. ಓದುಗರಿಗೆ ದಾರಿ ತೋರುವ ಸಣ್ಣ ತಂತ್ರಾಂಶ ಮಾತ್ರ ಸಂಬಳವಿಲ್ಲದ ಕೈಗಳಿಗಾಗಿ ಕಾಯಬೇಕಾಯಿತು.

ತಂತ್ರಾಂಶ ಒಮ್ಮೆ ಬರೆದರೆ ಮುಗಿಯುವ ವಸ್ತುವಲ್ಲ ಎಂಬುದು ಇಲ್ಲಿನ ಮೂಲ ಸಮಸ್ಯೆ. ಬ್ರೌಸರ್ ಬದಲಾಗುತ್ತದೆ, ಸರ್ವರ್ ಹಳತಾಗುತ್ತದೆ, ಭದ್ರತೆಯ ಬಿರುಕುಗಳು ಬೆಳಕಿಗೆ ಬರುತ್ತವೆ. ಇವಕ್ಕೆಲ್ಲ ಸ್ಪಂದಿಸುವವರನ್ನು ನಿರ್ವಾಹಕರು ಎನ್ನುತ್ತಾರೆ. ಜಾಲತಾಣ ಮತ್ತು ಬಳಕೆದಾರರ ನಡುವಿನ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ‘ಓಪನ್‌ಎಸ್‌ಎಸ್‌ಎಲ್’ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷವಿರುವುದು 2014ರಲ್ಲಿ ಗೊತ್ತಾದಾಗ, ಜಗತ್ತಿನ ಬ್ಯಾಂಕು, ಅಂಗಡಿಗಳೆಲ್ಲ ನೆಚ್ಚಿದ್ದ ಆ ಯೋಜನೆಗೆ ಪೂರ್ಣಾವಧಿ ದುಡಿಯುವವರು ಒಬ್ಬರೇ ಇದ್ದಾರೆ, ವರ್ಷಕ್ಕೆ ಬರುವ ದೇಣಿಗೆ ಸುಮಾರು 2 ಸಾವಿರ ಡಾಲರ್ ಮಾತ್ರ ಎಂಬುದೂ ಹೊರಬಿತ್ತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶವನ್ನು ಬಹುಕಾಲ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಲಾಸ್ಸೆ ಕಾಲಿನ್ ದಣಿದಿದ್ದಾಗ, ನೆರವಿನ ನೆಪದಲ್ಲಿ ಬಂದು ವಿಶ್ವಾಸ ಗಳಿಸಿದ ಅಪರಿಚಿತ ಹೆಸರೊಂದು ಅದರೊಳಗೆ ಕಳ್ಳಬಾಗಿಲು ಇರಿಸಿದ್ದು 2024ರ ಮಾರ್ಚ್‌ನಲ್ಲಿ ಪತ್ತೆಯಾಯಿತು. ಪತ್ತೆ ಮಾಡಿದ ಆಂಡ್ರೆಸ್ ಫ್ರೊಯಿಂಡ್ ಹೊರಟಿದ್ದು ಕಂಪ್ಯೂಟರಿನ ಸಣ್ಣ ವಿಳಂಬವೊಂದರ ಕಾರಣ ಹುಡುಕಲು. ಒಬ್ಬ ನಿರ್ವಾಹಕನ ಆಯಾಸವೂ ಸಾರ್ವಜನಿಕ ಅಪಾಯವಾಗಬಲ್ಲದು ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ನಿರ್ವಾಹಕರಿಗೆ ಹಣದ ಆಧಾರ ಬೇಕು ಎಂಬ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಆಕರ ಸಂಕೇತ ಮುಕ್ತವಾಗಿರುವುದರಿಂದ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು ಎಂಬುದು ಮೊದಲನೆಯದು. ಪರವಾನಗಿ ಕೊಡುವುದು ಎತ್ತಿಕೊಳ್ಳುವ ಹಕ್ಕನ್ನು ಮಾತ್ರ, ಎತ್ತಿಕೊಳ್ಳುವ ಕೈಯನ್ನಲ್ಲ. ಇಂಗ್ಲಿಷ್ ತಂತ್ರಾಂಶಕ್ಕೆ ಜಗತ್ತಿನ ಯಾವ ಮೂಲೆಯಿಂದಲಾದರೂ ಉತ್ತರಾಧಿಕಾರಿ ಬರಬಹುದು, ಆದರೆ ಕನ್ನಡದ ಸಂಕೇತ ಪರಿವರ್ತಕಕ್ಕೆ ಕನ್ನಡವೂ ತಂತ್ರಜ್ಞಾನವೂ ಬಲ್ಲವರೇ ಬೇಕು. ಹಣ ಬಂದರೆ ಸೇವಾಮನೋಭಾವ ಕೆಡುತ್ತದೆ ಎಂಬುದು ಎರಡನೆಯದು. ಇದರಲ್ಲಿ ಹುರುಳಿಲ್ಲದಿಲ್ಲ, ಒಬ್ಬನೇ ದಾನಿಯನ್ನು ನೆಚ್ಚಿದ ಯೋಜನೆ ದಾನಿಯ ಮರ್ಜಿಗೆ ಸಿಕ್ಕಿಬೀಳುತ್ತದೆ. ಆದರೆ ಅದಕ್ಕೆ ಪರಿಹಾರ ಹಣವನ್ನು ದೂರವಿಡುವುದಲ್ಲ, ಹಲವು ಮೂಲಗಳಿಂದ ಬಂದದ್ದನ್ನು ಲೆಕ್ಕಪತ್ರವಿಟ್ಟು ಬಳಸುವ ಸಮಿತಿ ಕಟ್ಟುವುದು. ಸುಲ್ತಾನ್ ಬಜಾರಿನಲ್ಲಿ ಜಮೀನ್ದಾರ, ವಿದ್ವಾಂಸರ ಸಾಹಸ ಒಂದು ಸಂಸ್ಥೆಯಾಗಿ ಉಳಿದದ್ದು ಈ ದಾರಿಯಲ್ಲೇ.

ಹಣ ತೊಡಗಿಸುವ ಮಾದರಿಗಳು ಈಗ ಕಣ್ಣೆದುರಿಗಿವೆ. ಜರ್ಮನಿ 2022ರಲ್ಲಿ ‘ಸಾವರಿನ್ ಟೆಕ್ ಫಂಡ್’ ಸ್ಥಾಪಿಸಿ ಮೂಲಭೂತ ಮುಕ್ತ ತಂತ್ರಾಂಶಗಳ ನಿರ್ವಹಣೆಗೆ ಸರ್ಕಾರಿ ಹಣ ಕೊಡತೊಡಗಿತು. ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ ಇಂಥ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಘೋಷಿಸಿತು. ಭಾರತ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿ ಪ್ರಕಟಿಸಿದೆಯಾದರೂ ಅದರ ಒತ್ತು ಬಳಕೆಯ ಮೇಲಿದೆ. ಬಳಸಿದ್ದನ್ನು ಕಾಯುವವರ ಹೊಣೆಯ ಪ್ರಶ್ನೆ ಹಿಂದೆ ಉಳಿದಿದೆ.

ಕರ್ನಾಟಕದ ಮಟ್ಟಿಗೆ ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಸರ್ಕಾರದ ಹಣದಲ್ಲಿ ಬರೆಸಿದ ಪ್ರತಿಯೊಂದು ಕನ್ನಡ ತಂತ್ರಾಂಶದ ಆಕರ ಸಂಕೇತವೂ ಮುಕ್ತ ಪರವಾನಗಿಯಡಿ ಹೊರಬರಬೇಕು. ಇ-ಆಡಳಿತದ ಗುತ್ತಿಗೆಗಳ ಮೊತ್ತದಲ್ಲಿ ಒಂದು ಪಾಲನ್ನು ಆ ಗುತ್ತಿಗೆಗಳು ಬಳಸುವ ಮುಕ್ತ ತಂತ್ರಾಂಶಗಳ ನಿರ್ವಹಣೆಗೆ ಮೀಸಲಿಡಬೇಕು. ಫಾಂಟು, ಕೀಲಿಮಣೆ, ಪರಿವರ್ತಕ, ನಿಘಂಟು, ವಚನ ಭಂಡಾರಗಳಂಥ ಪ್ರತಿಯೊಂದು ಯೋಜನೆಗೂ ಕನಿಷ್ಠ ಇಬ್ಬರು ನಿರ್ವಾಹಕರಿರುವಂತೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ ಎಂಜಿನಿಯರಿಂಗ್ ಕಾಲೇಜುಗಳಾಗಲಿ ಸಂಬಳದ ಹುದ್ದೆ ಸೃಷ್ಟಿಸಬಹುದು. ಈ ನೆರವು ರಾಜ್ಯದ ನಿವಾಸಿಗಳಿಗಷ್ಟೇ ಸೀಮಿತವಾಗಬಾರದು. ಹೈದರಾಬಾದಿನ, ಕಾಸರಗೋಡಿನ ಕನ್ನಡಿಗರಿಗೂ, ಕನ್ನಡ ಬಾರದೆ ಕನ್ನಡಕ್ಕಾಗಿ ಸಂಕೇತ ಬರೆದ ಮಲಯಾಳಿಗೂ ತಲುಪಬೇಕು. ವರ್ಷಕ್ಕೊಂದು ಪ್ರಶಸ್ತಿ, ಶಾಲು, ಹಾರಗಳಿಂದ ಈ ಜನರ ಋಣ ತೀರುವುದಿಲ್ಲ. ರಾಜ್ಯದ ಆಯವ್ಯಯದಲ್ಲಿ ತಂತ್ರಾಂಶ ನಿರ್ವಹಣೆ ಎಂಬ ಪ್ರತ್ಯೇಕ ಶೀರ್ಷಿಕೆ ಮತ್ತು ಅದರೆದುರು ಪ್ರತಿ ವರ್ಷ ತಪ್ಪದೆ ಬರುವ ಮೊತ್ತ ಕಾಣಿಸಿದಾಗಷ್ಟೇ ಕನ್ನಡದ ಜಾಲಬದುಕಿಗೆ ಆಧಾರವಿದೆ ಎನ್ನಲು ಸಾಧ್ಯ.