ರೋಗಿಯ ಕೋಣೆಗೆ ಹಗಲು ಬೆಳಕು: ಹೊಸ ಮನೆಗೆ ಸಹಿ ಹಾಕುವ ಮೊದಲು ಏನು ನೋಡಬೇಕು?

ಮುಂಬೈ, ಪುಣೆಗಳಲ್ಲಿ ಹಳೆಯ ಚಾಳು, ಸೊಸೈಟಿ ಕಟ್ಟಡಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಕೆಲಸ ಭರದಿಂದ ನಡೆದಿದೆ. ನಿಮ್ಮ ಕಟ್ಟಡವೂ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದ್ದರೆ, ಎಷ್ಟು ಚದರ ಅಡಿ ಹೆಚ್ಚು ಸಿಗುತ್ತದೆ, ಅಲ್ಲಿಯವರೆಗೆ ಬಾಡಿಗೆ ಎಷ್ಟು ಕೊಡುತ್ತಾರೆ ಎಂಬ ಮಾತೇ ಸಭೆಯಲ್ಲಿ ಹೆಚ್ಚು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು ಅಥವಾ ಟಿಬಿ ಚಿಕಿತ್ಸೆಯಲ್ಲಿರುವವರು ಇದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಮಲಗುವ ಕೋಣೆಗೆ ಹಗಲು ಬೆಳಕು ಎಲ್ಲಿಂದ ಬರುತ್ತದೆ?

ಗೋವಂಡಿಯ ಪಾಠ

ಮುಂಬೈನ ಗೋವಂಡಿ–ಮಾನ್ಖುರ್ದ್ ಭಾಗದ ಮೂರು ಪುನರ್ವಸತಿ ಕಾಲೊನಿಗಳಲ್ಲಿ ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆ ನಡೆಸಿದ ಅಧ್ಯಯನ 2018ರಲ್ಲಿ ಹೊರಬಂತು. ಕಟ್ಟಡಗಳು ಒತ್ತೊತ್ತಾಗಿ ನಿಂತಿರುವ ನಟವರ್ ಪಾರೇಖ್ ಮತ್ತು ಲಲ್ಲೂಭಾಯಿ ಕಾಂಪೌಂಡ್‌ಗಳಲ್ಲಿ ಟಿಬಿ ಪ್ರಮಾಣ ಹೆಚ್ಚಿತ್ತು. ನಡುವೆ ಜಾಗ ಬಿಟ್ಟು ಕಟ್ಟಿದ ಪಿಎಂಜಿಪಿ ಕಾಲೊನಿಯಲ್ಲಿ ಕಡಿಮೆ. ನಟವರ್ ಪಾರೇಖ್‌ನಲ್ಲಿ ಎರಡು ಕಟ್ಟಡಗಳ ನಡುವಿನ ಅಂತರ ಸುಮಾರು 3 ಮೀಟರ್ ಮಾತ್ರ. ಇಷ್ಟು ಕಿರಿದಾದ ಸಂದಿಯಲ್ಲಿ ಕೆಳಗಿನ ಮಹಡಿಗಳಿಗೆ ಬೆಳಕು ಇಳಿಯುವುದೇ ಕಷ್ಟ.

ಕತ್ತಲೆಯಿಂದಲೇ ಟಿಬಿ ಬರುತ್ತದೆ ಎಂದು ಇದರ ಅರ್ಥವಲ್ಲ. ಇಕ್ಕಟ್ಟು, ಬಡತನ, ಅಪೌಷ್ಟಿಕತೆ ಎಲ್ಲವೂ ಸೇರುತ್ತವೆ. ಆದರೆ ಬೆಳಕು ಬಾರದ ಮನೆಗೆ ಸಾಮಾನ್ಯವಾಗಿ ಗಾಳಿಯೂ ಬರುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ ರೋಗಿ ಕೆಮ್ಮಿದಾಗ ಹೊರಬಿದ್ದ ರೋಗಾಣು ಬಹಳ ಹೊತ್ತು ಗಾಳಿಯಲ್ಲೇ ಉಳಿಯುತ್ತದೆ. 2025ರೊಳಗೆ ಟಿಬಿ ನಿರ್ಮೂಲನೆಯ ಗುರಿ ಇಟ್ಟುಕೊಂಡಿದ್ದ ಭಾರತದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2023ರಲ್ಲಿ ಜಗತ್ತಿನ ಸುಮಾರು 26% ಪ್ರಕರಣಗಳಿದ್ದವು. ಹಾಗಾಗಿ ಮನೆಯ ನಕ್ಷೆಯೂ ಆರೋಗ್ಯದ ವಿಷಯವೇ.

ಬೆಳಕು ದೇಹಕ್ಕೆ ಏನು ಮಾಡುತ್ತದೆ?

ಕಣ್ಣಿನ ಅಕ್ಷಿಪಟಲದಲ್ಲಿ, ನೋಡುವುದಕ್ಕಲ್ಲದೆ ಹಗಲು–ರಾತ್ರಿಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ವಿಶೇಷ ಜೀವಕೋಶಗಳಿವೆ. ನಿದ್ರೆ, ಎಚ್ಚರ, ಹಾರ್ಮೋನುಗಳ ವೇಳಾಪಟ್ಟಿ ಇದನ್ನೇ ಅವಲಂಬಿಸಿದೆ. ಮೋಡದ ದಿನವೂ ಹೊರಗೆ ಸುಮಾರು 10,000 ಲಕ್ಸ್ ಬೆಳಕು ಇರಬಹುದು; ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಅಷ್ಟೇ. ದಿನವಿಡೀ ಮಂದ ಕೋಣೆಯಲ್ಲಿರುವ ಹಿರಿಯರು ಹಗಲು ತೂಕಡಿಸಿ ರಾತ್ರಿ ಎಚ್ಚರವಿರುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಾದ 89 ರೋಗಿಗಳನ್ನು ಗಮನಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬೆಳಕು ಹೆಚ್ಚಿದ್ದ ಬದಿಯ ಕೋಣೆಯವರು ಗಂಟೆಗೆ 22% ಕಡಿಮೆ ನೋವುನಿವಾರಕ ಬಳಸಿದ್ದರು. ಇದು ಚಿಕ್ಕ ಅಧ್ಯಯನ. ಇದನ್ನು ನಂಬಿ ನಿಮ್ಮ ಮಾತ್ರೆ ಕಡಿಮೆ ಮಾಡಿಕೊಳ್ಳಬೇಡಿ.

ಬೆಳಕು ಏನು ಮಾಡಲಾರದು?

• ಮುಚ್ಚಿದ ಗಾಜಿನ ಕಿಟಕಿಯ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ ಎಂದೇ ಹೇಳಬಹುದು. ಅದಕ್ಕೆ ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ.
• ಯುವಿಎ ಕಿರಣ ಮಾತ್ರ ಗಾಜು ದಾಟುತ್ತದೆ. ಲೂಪಸ್ ಇರುವವರು, ಡಾಕ್ಸಿಸೈಕ್ಲಿನ್‌ನಂಥ ಔಷಧ ತೆಗೆದುಕೊಳ್ಳುವವರು ನೇರ ಬಿಸಿಲಿನಲ್ಲಿ ಕೂರುವ ಮೊದಲು ವೈದ್ಯರನ್ನು ಕೇಳಿ.
• ನವಜಾತ ಶಿಶುವಿನ ಕಾಮಾಲೆಗೆ ಕಿಟಕಿಯ ಬಿಸಿಲು ಚಿಕಿತ್ಸೆಯಲ್ಲ. ಮಗು ಹಳದಿಯಾಗಿ ಕಂಡರೆ ವೈದ್ಯರಿಗೆ ತೋರಿಸಿ.
• ಟಿಬಿಗೆ ಮದ್ದು ಮಾತ್ರೆಗಳೇ. ಬೆಳಕು, ಗಾಳಿ ಜೊತೆಗಿರಬೇಕಾದವು.

ಇರುವ ಮನೆಯಲ್ಲೇ ಏನು ಮಾಡಬಹುದು?

ಮೊದಲು ಕಿಟಕಿಯ ಗ್ರಿಲ್ ನೋಡಿ. ಅಲ್ಲಿ ಪೇರಿಸಿಟ್ಟ ಡಬ್ಬ, ಸೂಟ್‌ಕೇಸ್ ತೆಗೆಯಿರಿ. ಕೋಣೆಯ ಒಳಭಾಗಕ್ಕೆ ಬೆಳಕು ತಲುಪಿಸುವುದು ಕಿಟಕಿಯ ಮೇಲಿನ ಅರ್ಧ, ಆದ್ದರಿಂದ ಪರದೆಯನ್ನು ಅಲ್ಲಿಂದ ಪೂರ್ತಿ ಬದಿಗೆ ಸರಿಸಿ. ಸೀಲಿಂಗ್‌ಗೂ ಕಿಟಕಿಯ ಎದುರು ಗೋಡೆಗೂ ಬಿಳಿ ಬಣ್ಣ ಹೊಡೆಸಿದರೆ ಒಳಬಂದ ಬೆಳಕು ಹಿಂದಕ್ಕೆ ಹರಡುತ್ತದೆ. ರೋಗಿಯ ಮಂಚ ಕಿಟಕಿಯ ಪಕ್ಕದಲ್ಲಿರಲಿ, ಆದರೆ ಬಿಸಿಲು ಮುಖಕ್ಕೆ ಹೊಡೆಯಬಾರದು. ಕಣ್ಣಿನ ಪೊರೆ ಇರುವವರಿಗೆ ಕಣ್ಣು ಕುಕ್ಕಿ ಎಡವುವ ಅಪಾಯವಿದೆ.

ಊರಿನ ಹೆಂಚಿನ ಮನೆಗಳಲ್ಲಿ ನಡುವೆ ಒಂದು ಗಾಜಿನ ಹೆಂಚು, ಗೋಡೆಯಲ್ಲಿ ಬೆಳಕಿಂಡಿ ಇದ್ದುದು ನಿಮಗೆ ನೆನಪಿರಬಹುದು. ಅದೇ ತತ್ವದ ಈಗಿನ ರೂಪ ಬೆಳಕಿನ ಕೊಳವೆ: ಚಾವಣಿಯ ಮೇಲೆ ಪಾರದರ್ಶಕ ಗುಮ್ಮಟ, ಒಳಗೆ ಕನ್ನಡಿಯಂತೆ ಹೊಳೆಯುವ ಕೊಳವೆ, ಕೆಳಗೆ ಬೆಳಕನ್ನು ಹರಡುವ ಫಲಕ. ಫ್ಲಾಟ್‌ಗಳಲ್ಲಿ ಇದು ಮುಖ್ಯವಾಗಿ ಮೇಲಿನ ಮಹಡಿಗೆ ಮಾತ್ರ ಅನುಕೂಲ, ಚಾವಣಿ ಕೊರೆಯಲು ಸೊಸೈಟಿಯ ಒಪ್ಪಿಗೆಯೂ ಬೇಕು. ಇದು ಬೆಳಕು ತರುತ್ತದೆ, ಗಾಳಿ ತರುವುದಿಲ್ಲ.

ಸಹಿ ಹಾಕುವ ಮೊದಲು

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ, ಬಾಗಿಲು ಬಿಟ್ಟು, ಚೌಕಟ್ಟು ಸೇರಿಸಿ ಕಿಟಕಿ–ತೆರಪುಗಳ ವಿಸ್ತೀರ್ಣ ಒಣ ಬಿಸಿ ಹವೆಯ ಊರುಗಳಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗಕ್ಕೆ ಕಡಿಮೆ ಇರಬಾರದು. ಮುಂಬೈ, ಚೆನ್ನೈಯಂಥ ಸೆಕೆಯ ಊರುಗಳಲ್ಲಿ ಆರನೇ ಒಂದು ಭಾಗ ಬೇಕು. ಅಂದರೆ 10x12 ಅಡಿಯ ಕೋಣೆಗೆ 20 ಚದರ ಅಡಿ, 4x5 ಅಡಿಯ ಒಂದು ಕಿಟಕಿ. ಇದು ಮಾದರಿ ನಿಯಮ. ಜಾರಿಯಾಗುವುದು ನಿಮ್ಮ ನಗರದ ಬೈಲಾ. ಅದರಲ್ಲಿ ಎಷ್ಟಿದೆ ಎಂದು ಸೊಸೈಟಿಯ ಆರ್ಕಿಟೆಕ್ಟ್ ಬಳಿ ಕೇಳಿ.

ಜೊತೆಗೆ ಮೂರು ಪ್ರಶ್ನೆಗಳು: ಕಿಟಕಿ ತೆರೆಯುವುದು ಹೊರಗಿನ ಜಾಗಕ್ಕೋ, ಕಿರಿದಾದ ಡಕ್ಟ್‌ಗೋ? ಎದುರಿನ ಕಟ್ಟಡ ಎಷ್ಟು ದೂರ, ಮುಂದೆ ಅಲ್ಲಿ ಟವರ್ ಏಳುವ ಯೋಜನೆಯಿದೆಯೇ? ಕೋಣೆ ಎಷ್ಟು ಆಳ? ಕಿಟಕಿಯ ಮೇಲಂಚು 7 ಅಡಿ ಎತ್ತರದಲ್ಲಿದ್ದು ಎದುರು ಅಡ್ಡಿಯಿಲ್ಲದಿದ್ದರೂ ಒಳ್ಳೆಯ ಬೆಳಕು ಸುಮಾರು 15 ಅಡಿಯವರೆಗೆ ಮಾತ್ರ ತಲುಪುತ್ತದೆ.

ಕಟ್ಟಡ ಎದ್ದ ಮೇಲೆ ಅದನ್ನು ಹಿಂದೆ ಸರಿಸಲಾಗದು. ಆದ್ದರಿಂದ ಬಾಯಿಮಾತಿನ ಭರವಸೆಗೆ ನಿಲ್ಲಬೇಡಿ. ಕಿಟಕಿಯ ಅಳತೆ ಮತ್ತು ಕಟ್ಟಡಗಳ ಅಂತರ ಗುರುತಿಸಿದ ನಕ್ಷೆಯನ್ನು ಒಪ್ಪಂದದ ಜೊತೆ ಲಗತ್ತಿಸಲು ಸೊಸೈಟಿ ಸಭೆಯಲ್ಲೇ ಕೇಳಿ. ಮನೆಯಲ್ಲಿ ರೋಗಿ ಇದ್ದಾರೆ ಎಂದು ಎಲ್ಲರ ಮುಂದೆ ಹೇಳಬೇಕಿಲ್ಲ. ಬೆಳಕು, ಗಾಳಿ ಎಲ್ಲ ಮನೆಗೂ ಬೇಕಾದದ್ದೇ.