ಅಜ್ಜಂಪುರದ ಒತ್ತು ಎಲ್ಲಿ ಹೋಯ್ತು?

ಹೋದ ತಿಂಗಳು ದೊಡ್ಡಪ್ಪನ ಫೋನು. "ನಮ್ಮೂರು ಇದ್ರಲ್ಲಿ ಇಲ್ವೇ ಇಲ್ಲ ಕಣೋ, ತೆಗ್ದು ಹಾಕ್ಬಿಟ್ರಾ?" ಮೊಬೈಲಿನಲ್ಲಿ ಯಾವುದೋ ಅರ್ಜಿ ತುಂಬೋಕೆ ಕೂತಿದ್ರು, ಅವತ್ತೇ ಕೊನೇ ದಿನ ಬೇರೆ. ತಾಲ್ಲೂಕು ತರೀಕೆರೆ ಅಂತ ಒತ್ತಿ, ಹಳ್ಳಿಗಳ ಪಟ್ಟಿಯನ್ನ ನಾಲ್ಕು ಸಲ ಮೇಲಿಂದ ಕೆಳಗೆ ಹುಡುಕಿದ್ದಾರೆ. 2017ರ ಬಜೆಟ್ಟಿನಲ್ಲಿ ಅಜ್ಜಂಪುರವನ್ನ ಹೊಸ ತಾಲ್ಲೂಕು ಅಂತ ಘೋಷಿಸಿದ್ದು ಅವರಿಗೆ ಗೊತ್ತಿಲ್ಲ ಅಂತಲ್ಲ. ಆದ್ರೆ ಮನೇಲಿರೋ ಹಳೇ ಪಹಣಿ, ಪಾಸ್‌ಬುಕ್ಕು ಎಲ್ಲದರಲ್ಲೂ ತರೀಕೆರೆ ತಾಲ್ಲೂಕು ಅಂತಲೇ ಇದೆ. ಕಾಗದದಲ್ಲಿ ಇದ್ದ ಹಾಗೆ ತುಂಬಬೇಕು ಅನ್ನೋದು ಅವರ ಲೆಕ್ಕ. ತಪ್ಪಾ?

"ಅಜ್ಜಂಪುರ ಒತ್ತಿ ದೊಡ್ಡಪ್ಪ" ಅಂದೆ. "ಅಜಂಪುರ ಅಂತ ಒಂದಿದೆ, ಅದ್ಯಾವ್ದೋ ಬೇರೆ ಊರು" ಅಂದ್ರು!

ಸ್ಕ್ರೀನ್‌ಶಾಟ್ ತರಿಸಿ ನೋಡಿದೆ, ನಿಜ. ಸಾಲಿನ ಎತ್ತರವನ್ನ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಕೊಟ್ಟಿದ್ದಾರೆ, ಕೆಳಗಿನ ಒತ್ತು ಕತ್ತರಿಸಿ ಹೋಗಿದೆ. ಕಡೂರು, ತರೀಕೆರೆಗೆ ಒತ್ತಿಲ್ಲ, ಬಚಾವು. ಚಿಕ್ಕಮಗಳೂರು ಚಿಕಮಗಳೂರಾಗಿತ್ತು.

ಮೊದಲು ನಗು ಬಂತು, ಆಮೇಲೆ ನಾಚಿಕೆ. ಯಾಕಂದ್ರೆ ನಾನೂ ಇದೇ ಕೆಲಸದವನು. ಹಿಂದೊಂದು ಪ್ರಾಜೆಕ್ಟಿನಲ್ಲಿ ಬಟನ್ನಿನ ಎತ್ತರವನ್ನ ಪಿಕ್ಸೆಲ್ಲಿನಲ್ಲಿ ಕಟ್ಟಿಹಾಕಿ, 'ಸಬ್‌ಮಿಟ್' ಚೆನ್ನಾಗಿ ಕೂರುತ್ತೆ ಅಂತ ನೋಡಿ, ಕನ್ನಡ ಪದಗಳ ಫೈಲನ್ನ ಕೊನೇ ವಾರದಲ್ಲಿ ತುರುಕಿ ಮನೆಗೆ ಹೋದವನು ನಾನು. ಅಕ್ಷರದ ಗಾತ್ರದ 1.5 ಪಟ್ಟು ಸಾಲಿನ ಎತ್ತರ ಕೊಟ್ಟರೂ ಪುಟದಲ್ಲಿ ಏನೂ ಕಾಣೆಯಾಗಬಾರದು ಅಂತ 2018ರ ಡಬ್ಲ್ಯೂಸಿಎಜಿ 2.1 ಹೇಳುತ್ತೆ. ಅದನ್ನ ಪಾಲಿಸಿದ್ರೆ ಒತ್ತಕ್ಷರಕ್ಕೂ ಜಾಗ ಸಿಗುತ್ತಿತ್ತು.

ಪಟ್ಟಿಯ ಕ್ರಮದ್ದು ಇನ್ನೊಂದು ತಮಾಷೆ. ತೋರಿಸೋದು ಕನ್ನಡ, ಜೋಡಿಸಿರೋದು ಎಬಿಸಿಡಿ ಪ್ರಕಾರ. ಹಾಗಾಗಿ ಕಡೂರಿಗಿಂತ ಮೊದಲು ಚಿಕ್ಕಮಗಳೂರು, ಶೃಂಗೇರಿ ಮುಗಿದ ಮೇಲೆ ಕಟ್ಟಕಡೆಗೆ ತರೀಕೆರೆ. ಕ ಖ ಗ ಘ ಕಲಿತವರು ಎಲ್ಲಿ ಅಂತ ಹುಡುಕಬೇಕು?

ಆಕ್ಸೆಸಿಬಿಲಿಟಿ ಅಂದ್ರೆ ಕಣ್ಣು ಕಾಣದವರಿಗೆ ಮಾಡೋ ಉಪಕಾರ ಅಂತ ನಮ್ಮ ಫೀಲ್ಡಿನಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಉಪಕಾರವೂ ಅಲ್ಲ, ಅವರಿಗೆ ಮಾತ್ರವೂ ಅಲ್ಲ. ಡಿಜಿಟಲ್ ಸೇವೆಗಳು ಕೈಗೆಟುಕೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಆ ಪ್ರಕರಣದಲ್ಲಿ ಆ್ಯಸಿಡ್ ದಾಳಿಗೆ ಒಳಗಾದವರಿಗೆ ಇ-ಕೆವೈಸಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸೋದೇ ಆಗುತ್ತಿರಲಿಲ್ಲ. ಹಳ್ಳಿಗಳ ಮುದುಕರೂ ತೀರ್ಪಿನಲ್ಲಿ ಲೆಕ್ಕಕ್ಕೆ ಬಂದಿದ್ದಾರೆ.

ನನ್ನ ಕೇಳಿದ್ರೆ ಮೊದಲು ಹಳ್ಳಿ ಕೇಳಬೇಕು, ತಾಲ್ಲೂಕು ತಾನೇ ಬರಬೇಕು. ಹೊಸಹಳ್ಳಿ ಅನ್ನೋ ಊರು ಹತ್ತಿದ್ರೆ ಪಕ್ಕದಲ್ಲಿ ಹೋಬಳಿ ತೋರಿಸಿದ್ರೆ ಆಯ್ತು. ತರೀಕೆರೆ ಒತ್ತಿದವರಿಗೆ "ನಿಮ್ಮ ಹಳ್ಳಿ ಈಗ ಅಜ್ಜಂಪುರಕ್ಕೆ ಸೇರಿದೆ" ಅನ್ನೋಕೆ ಎಷ್ಟು ಕೋಡ್ ಬೇಕು ಸ್ವಾಮಿ?

ದೊಡ್ಡಪ್ಪ ಕೊನೆಗೆ ಬಸ್ಸು ಹತ್ತಿ ಅಜ್ಜಂಪುರದ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ನೂರು ರೂಪಾಯಿ ಕೊಟ್ಟು ಅರ್ಜಿ ಹಾಕಿಸಿ ಬಂದ್ರು. "ಆ ಹುಡುಗಿ ಯಾವೂರು ಅಂತ ಕೇಳಿದ್ಲು ಅಷ್ಟೇ, ಎರಡು ನಿಮಿಷಕ್ಕೆ ಮುಗೀತು. ನೀನು ಓದಿರೋದೂ ಅದೇ ಅಲ್ವೇನೋ?" ಅಂದ್ರು.